ದೀಪ ಹಚ್ಚದ ಯುಗಾದಿ

ಮೂವತ್ತು ವರ್ಷ ಅನಾಟಮಿ ಕಲಿಸಿ, ಮೌಖಿಕ ಪರೀಕ್ಷೆಗಳಲ್ಲಿ ಸಾವಿರಾರು ಹುಡುಗರ ಮುಖ ನೋಡಿದವನು ನಾನು. ಉತ್ತರ ಗೊತ್ತಿಲ್ಲದವನು ಯಾವ ಗಳಿಗೆಯಲ್ಲಿ ಕತೆ ಕಟ್ಟಲು ಶುರುಮಾಡುತ್ತಾನೆಂದು ನನಗೆ ಅವನ ಕಣ್ಣಿನಲ್ಲೇ ತಿಳಿಯುತ್ತದೆ. ಹಾಗಾಗಿ ಮಗ ಸ್ವರೂಪ್ ಮದುವೆಯಾಗುತ್ತೇನೆಂದು ಕರೆತಂದ ಬಾಲಿ ದ್ವೀಪದ ಹುಡುಗಿಯನ್ನು ಮೊದಲ ದಿನವೇ ಸಂಶಯದಿಂದ ನೋಡಿದೆ. ಮಣಿಪಾಲ ಬಿಟ್ಟು ಮಲೇಷ್ಯಾದ ನಿಲಾಯ್‌ಗೆ ಪಾಠ ಹೇಳಲು ಬಂದವನಿಗೆ ಇದೊಂದು ಬಾಕಿಯಿತ್ತು.

ಹೆಸರು ಕದೆಕ್. ಕದೆಕ್ ಅಂದರೆ ಎರಡನೆಯ ಮಗು ಎಂದಂತೆ. ಅಲ್ಲಿ ಎರಡನೆಯವರಾಗಿ ಹುಟ್ಟಿದ ಎಷ್ಟೋ ಜನರಿಗೆ ಅದೇ ಹೆಸರಂತೆ. ಇದೂ ಒಂದು ಗುರುತೇ? ಹಿಂದೂ ಎನ್ನುತ್ತಾಳೆ, ಹಂದಿ ಮಾಂಸ ತಿನ್ನುತ್ತಾಳೆ. ಅವರ ಊರಲ್ಲಿ ಬೆಟ್ಟದ ಮೈಗೆ ಮೆಟ್ಟಿಲಾಗಿ ಇಳಿಯುವ ಗದ್ದೆಗಳಿವೆಯಂತೆ, ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ದೇವಸ್ಥಾನವೇ ಹೇಳುತ್ತದಂತೆ. ಬೆಳಿಗ್ಗೆ ತೆಂಗಿನ ಗರಿಯ ಪುಟ್ಟ ತಟ್ಟೆಗಳಲ್ಲಿ ಹೂವು, ಅನ್ನ ಇಟ್ಟು, ಒಂದು ಮೇಲೆ ದೇವರಿಗೆ, ಇನ್ನೊಂದು ಕೆಳಗೆ ನೆಲದಲ್ಲಿ ಭೂತಗಳಿಗೆ ಅರ್ಪಿಸುತ್ತಾರಂತೆ. ಅದನ್ನು ಕೇಳಿ ನನ್ನ ಹೆಂಡತಿ ವಿನೋದಾ ನಮ್ಮ ಊರಿನ ಹಾಗೇ ಉಂಟಲ್ಲ ಎಂದು ಕರಗಿಹೋದಳು. ನನಗೆ ಸಂಶಯ ಬಂದದ್ದೇ ಅಲ್ಲಿ. ಇಷ್ಟು ಸರಿಯಾಗಿ ಹೊಂದಬೇಕಾದರೆ ಸ್ವರೂಪ್ ಬಾಯಿಪಾಠ ಮಾಡಿಸಿರಬೇಕು.

ಮದುವೆಗೆ ಹೌದೋ ಅಲ್ಲವೋ ಎಂಬ ಉತ್ತರವನ್ನು ಯುಗಾದಿ ಊಟದ ಹೊತ್ತಿಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಹುಡುಗಿಯನ್ನೂ ಊಟಕ್ಕೆ ಕರೆದಿದ್ದೆವು. ಅವಳು ಬರಲಾಗುವುದಿಲ್ಲ ಎಂದಳು. ಅದೇ ದಿನ ಅವರಿಗೂ ಹೊಸ ವರ್ಷವಂತೆ, ನ್ಯೆಪಿ ಎಂದು ಹೆಸರು. ಆ ದಿನ ಒಲೆ ಉರಿಸುವುದಿಲ್ಲ, ದೀಪ ಹಚ್ಚುವುದಿಲ್ಲ, ಮಾತಿಲ್ಲ, ಫೋನಿಲ್ಲ, ಹೊಸ್ತಿಲು ದಾಟುವಂತಿಲ್ಲ. ಇಡೀ ದ್ವೀಪ ಕತ್ತಲಲ್ಲಿ ಕೂತಾಗ ನಕ್ಷತ್ರಗಳು ಸಮುದ್ರದ ಅಂಚಿನವರೆಗೂ ಕಾಣುತ್ತವೆ, ವಿಮಾನ ನಿಲ್ದಾಣವೂ ಒಂದು ದಿನ ಮುಚ್ಚುತ್ತದೆ ಎಂದಳು. ಅಂದು ಹುಟ್ಟುವ ಹೊಸ ವರ್ಷ ಶಕ ೧೯೪೮ ಎಂದೂ ಸೇರಿಸಿದಳು. ನಮ್ಮ ಪಂಚಾಂಗದಲ್ಲೂ ಶಾಲಿವಾಹನ ಶಕ ೧೯೪೮ ಎಂದೇ ಇತ್ತು.

ನಮ್ಮ ತಲೆಯ ಮೇಲೆ ಹಗಲೂ ರಾತ್ರಿ ವಿಮಾನ ಹಾರುತ್ತವೆ. ದೇವರಿಗಾಗಿ ನಿಲ್ದಾಣ ಮುಚ್ಚುವುದಂತೆ! ಫೋನಿನಲ್ಲಿ ಹುಡುಕಿದ್ದರೆ ಒಂದು ನಿಮಿಷದ ಕೆಲಸ. ನಾನು ಹುಡುಕಲಿಲ್ಲ, ಎಲ್ಲಾದರೂ ನಿಜವಾಗಿಬಿಟ್ಟರೆ ಎಂಬ ಭಯ.

ಯುಗಾದಿಯ ಬೆಳಿಗ್ಗೆ ಪೂಜೆ ಮುಗಿಸಿ, ಕದೆಕ್‌ಗೆ ಬೇವುಬೆಲ್ಲ ಕೊಟ್ಟು ಬರುತ್ತೇನೆ ಎಂದೆ. ವಿನೋದಾ ನನ್ನ ಮನಸ್ಸು ಕರಗಿತೆಂದು ತಿಳಿದು, ತನ್ನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯಲ್ಲೇ ಹಾಕಿಕೊಟ್ಟಳು. ಮಾತಾಡಿಸಬೇಡಿ, ಬಾಗಿಲಲ್ಲಿಟ್ಟು ಬನ್ನಿ ಎಂದಳು.

ಸೈಬರ್‌ಜಯಾದ ಅವಳ ಬಾಡಿಗೆ ಮನೆಯ ಸುತ್ತಲಿನ ಬೀದಿಗಳು ಬಿಕೋ ಎನ್ನುತ್ತಿದ್ದವು. ರಂಜಾನ್ ಮುಗಿಯುವ ರಾಯಾ ಹಬ್ಬಕ್ಕೆ ಜನ ಊರಿಗೆ ಹೊರಟಿದ್ದರು; ಕದೆಕ್‌ಳ ಜೊತೆ ಮನೆ ಹಂಚಿಕೊಂಡಿದ್ದ ಇಬ್ಬರು ಮಲಯ್ ಹುಡುಗಿಯರೂ ಹೋಗಿದ್ದರು. ಇವಳೊಬ್ಬಳೇ ಇರಬೇಕು, ಅಥವಾ ಇನ್ಯಾರೋ ಇರಬೇಕು. ಬೆಲ್ ಒತ್ತಿದೆ. ಬಾಗಿಲು ಬಡಿದೆ. ಫೋನ್ ಮಾಡಿದೆ, ಆಫ್ ಆಗಿತ್ತು. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, ಈ ವಯಸ್ಸಿನಲ್ಲಿ ಕಳ್ಳನ ಹಾಗೆ ಪಕ್ಕದ ಕಿಟಕಿಗೆ ಹೋಗಿ ಪರದೆಯ ಸಂದಿನಲ್ಲಿ ಇಣುಕಿದೆ.

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ದೀಪವಿಲ್ಲ, ಫ್ಯಾನೂ ಇಲ್ಲ, ಬೇರೆ ಯಾರೂ ಇಲ್ಲ. ನನ್ನನ್ನು ನೋಡಿದಳು. ಬಾಗಿಲು ತೆಗೆ ಎಂದು ಕೈಸನ್ನೆ ಮಾಡಿದೆ. ಅವಳು ಎರಡೂ ಕೈ ಜೋಡಿಸಿದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು.

ಹಿಡಿಯಲು ಬಂದದ್ದು ಅಲ್ಲಿರಲಿಲ್ಲ. ಅದಕ್ಕೇ ನನಗೆ ಮೈ ಉರಿದುಹೋಯಿತು. ಮನೆಗೆ ಬಂದ ಹಿರಿಯನನ್ನು ಬಿಸಿಲಲ್ಲಿ ನಿಲ್ಲಿಸಿ ಕಣ್ಣು ಮುಚ್ಚುವುದೆಂದರೇನು? ಸಿಟ್ಟಿನಲ್ಲಿ ಡಬ್ಬಿಯನ್ನೂ ಮರೆತು ಕಾರು ತಿರುಗಿಸಿದೆ.

ಊಟಕ್ಕೆ ಕೂತಾಗ ವಿನೋದಾ ಕೇಳಿದಳು. ಅವಳ ಮನೆಗೆ ಬೀಗ ಬಿದ್ದಿತ್ತು, ಯಾರೂ ಇರಲಿಲ್ಲ ಎಂದೆ. ಮಾತು ತಾನಾಗಿಯೇ ಬಾಯಿಂದ ಹೊರಬಿತ್ತು.

ಸ್ವರೂಪ್ ಕೈಯಲ್ಲಿದ್ದ ಹೋಳಿಗೆ ಎಲೆಗೆ ಇಟ್ಟ. "ಹೊರಗೆ ಹೋಗುದಿಲ್ಲ ಅಂದಿದ್ಳಲ್ಲ ಅಪ್ಪ."

"ಅದನ್ನೇ ಯೋಚಿಸು," ಎಂದೆ.

ಅವನು ಎದ್ದುಹೋಗಿ ಕೋಣೆಯಲ್ಲಿ ಕೂತ. ಹೋಗಿ ಬಾಗಿಲು ಬಡಿದರೆ ಅವಳ ವ್ರತ ಕೆಡುತ್ತದೆ, ಬಡಿಯದಿದ್ದರೆ ಅನುಮಾನ ಕೊಲ್ಲುತ್ತದೆ. ನನಗೆ ಬೇಕಾದದ್ದು ಅದೇ ಆಗಿತ್ತು, ಆದರೂ ನನ್ನ ಎಲೆಯ ಹೋಳಿಗೆ ಹಾಗೇ ಉಳಿಯಿತು. ಸಂಜೆ ಫೋನಿನಲ್ಲಿ ಹುಡುಕಿದೆ. ಬಾಲಿಯ ವಿಮಾನ ನಿಲ್ದಾಣ ಆ ದಿನ ಮುಚ್ಚಿತ್ತು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಬೆಲ್ ಆಯಿತು. ಬಾಗಿಲು ತೆಗೆದವಳು ವಿನೋದಾ. ಹೊಸ್ತಿಲ ಆಚೆ ಕದೆಕ್ ನಿಂತಿದ್ದಳು, ಸೊಂಟಕ್ಕೆ ಹಳದಿ ವಸ್ತ್ರ ಸುತ್ತಿಕೊಂಡು, ಕೈಯಲ್ಲಿ ನಮ್ಮ ಡಬ್ಬಿ ಹಿಡಿದು. ಬರಿದಾಗಿ ತರಬಾರದೆಂದು ಅದರ ತುಂಬ ದೇವಕಣಗಿಲೆ ಹೂವು ತುಂಬಿದ್ದಳು. ನಿನ್ನೆಯ ಉಪವಾಸವನ್ನು ಈ ಬೆಳಿಗ್ಗೆ ನಿಮ್ಮ ಬೇವುಬೆಲ್ಲ ತಿಂದು ಬಿಟ್ಟೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ನನ್ನತ್ತ ತಿರುಗಿ, ದಾರಿಯುದ್ದಕ್ಕೂ ಕಲಿತುಕೊಂಡು ಬಂದಂತಿದ್ದ ಕನ್ನಡದಲ್ಲಿ ಅಂದಳು:

"ನಿನ್ನೆ ನೀವು ಬಂದಾಗ ಬಾಗಿಲು ತೆಗೀಲಿಲ್ಲ. ತಪ್ಪಾಯ್ತು ಅಂಕಲ್."

ವಿನೋದಾ ಡಬ್ಬಿಯ ಮೇಲಿನ ತನ್ನ ಹೆಸರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮೂವತ್ತು ವರ್ಷ ನಾನು ಇತರರನ್ನು ನೋಡಿದ ನೋಟ ಅದು. ಅದರ ಎದುರು ಕೂರುವುದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹುಡುಗಿ ಇನ್ನೂ ಡಬ್ಬಿ ಹಿಡಿದು ತಲೆ ತಗ್ಗಿಸಿ ನಿಂತೇ ಇದ್ದಳು. ನ್ಯೆಪಿಯ ಮರುದಿನ ಅವರಲ್ಲಿ ಹೀಗೆ ಮನೆಮನೆಗೆ ಹೋಗಿ ಕ್ಷಮೆ ಕೇಳುತ್ತಾರೆ, ಕಿರಿಯರೂ ಕೇಳುತ್ತಾರೆ, ಹಿರಿಯರೂ ಕೇಳುತ್ತಾರೆ ಎಂದು ಸ್ವರೂಪ್ ತಗ್ಗಿದ ದನಿಯಲ್ಲಿ ಹೇಳಿದ. ನನ್ನ ಮುಖ ನೋಡದೆ ಹೇಳಿದ.

ನನಗೆ ನಾಚಿಕೆಯಾಯಿತು. ಅವಳ ಸುಳ್ಳು ಹುಡುಕಲು ಹೋಗಿ, ಈ ಮನೆಯಲ್ಲಿ ಸುಳ್ಳು ಹೇಳಿದವನು ನಾನೊಬ್ಬನೇ.

"ಬೀಗ ಇರ್ಲಿಲ್ಲ," ಎಂದೆ. "ಇವಳು ಒಳಗೇ ಇದ್ದಳು. ನಾನು ಕಿಟಕಿಯಲ್ಲಿ ಕಣ್ಣಾರೆ ನೋಡಿದ್ದೇನೆ. ತಪ್ಪು ನನ್ನದು ಮಗಳೇ."

ಸ್ವರೂಪ್ ಈಗ ನನ್ನ ಮುಖ ನೋಡಿ, ಹಾಗಾದರೆ ನಿಮ್ಮ ಉತ್ತರ ಏನು ಎಂದು ಕೇಳಿದ.

"ನನ್ನ ಉತ್ತರ ಬಿಡು ಮಾರಾಯ," ಎಂದೆ. "ಇಂಥ ಮಾವ ಇರುವ ಮನೆಗೆ ಬರ್ತಾಳಾ ಅಂತ ಅವಳನ್ನು ಕೇಳು."

ಅವನು ನಾನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ತಿಳಿಸಿ ಕೇಳಿದ. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಮೇಲೆ ಒಂದು ವಿಮಾನ ಹಾದುಹೋಯಿತು. ಆಮೇಲೆ ಡಬ್ಬಿಯನ್ನು ವಿನೋದಾಳ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದಳು.