ಹಗ್ಗದ ಮೇಲೆ ಜಾಗ ಸಿಗದ ಟವೆಲ್

ನಾನು ಒಂದು ಟವೆಲ್. ಒರೆಸುವುದು ನನ್ನ ಕಸುಬು, ಅಸಹ್ಯಪಡುವುದು ನನ್ನ ಸ್ವಭಾವ. ಇವೆರಡೂ ಒಂದೇ ಮೈಯಲ್ಲಿ ಸೇರಬಾರದಿತ್ತು. ಆದರೆ ನೇಯುವಾಗ ನೂಲಿನ ಅಭಿಪ್ರಾಯ ಕೇಳುವ ಪದ್ಧತಿ ಎಲ್ಲೂ ಇಲ್ಲ.

ಹುಟ್ಟಿದ್ದು ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ. ಬಿಳಿ ಮೈ, ಎರಡೂ ತುದಿಗೆ ಕೆಂಪು ಅಂಚು. ನನ್ನನ್ನು ಮಗ್ಗದಿಂದ ಇಳಿಸಿದವನು ಎಲೆಅಡಿಕೆ ಜಗಿಯುತ್ತಲೇ ಯಾರನ್ನೋ ಬೈಯುತ್ತಿದ್ದ. ಹುಟ್ಟಿದ ದಿನವೇ ಅವನ ಬಾಯಿಂದ ಒಂದು ಕೆಂಪು ಹನಿ ನನ್ನ ಮೇಲೆ ಬಿತ್ತು. ಅವನು ಅದನ್ನು ಹೆಬ್ಬೆರಳಿನಿಂದ ತಿಕ್ಕಿ, ಕಾಣದಂತೆ ಮಡಚಿ, ಮೇಲೆ ಇನ್ನೊಂದು ಟವೆಲ್ ಹೇರಿದ. ಮನುಷ್ಯರ ಬಗ್ಗೆ ನನಗೆ ಅಂದೇ ಒಂದು ಅಂದಾಜು ಸಿಕ್ಕಿತು.

ಆಮೇಲೆ ನಾನು ಆಯೇರಿಗೆ ಬಿದ್ದೆ. ನಮ್ಮ ಕಡೆ ಮದುವೆಗೆ ಬಂದವರಿಗೆಲ್ಲ ಬಟ್ಟೆ ಕೊಡುತ್ತಾರೆ, ಅದಕ್ಕೆ ಆಯೇರಿ ಎನ್ನುತ್ತಾರೆ. ಅಗ್ಗದ ಟವೆಲ್ಲುಗಳನ್ನು ಯಾರೂ ಬಿಚ್ಚುವುದಿಲ್ಲ. ಒಂದು ಮದುವೆಯಲ್ಲಿ ಬಂದದ್ದನ್ನು ಟ್ರಂಕಿನಲ್ಲಿಟ್ಟು ಇನ್ನೊಂದು ಮದುವೆಯಲ್ಲಿ ದಾಟಿಸಿಬಿಡುತ್ತಾರೆ. ನಾನೂ ಹಾಗೆ ಮನೆಯಿಂದ ಮನೆಗೆ, ಮಡಿಕೆ ಮುರಿಯದೆ, ಎಷ್ಟೋ ಹೆಗಲಿಗೆ ತಾಗಿ ಇಳಿದೆ. ಪ್ರತಿ ಮನೆಯಲ್ಲೂ ಅರಿಸಿನ ಕುಂಕುಮದ ಒಂದು ಹೊಸ ಬೆರಳು, ಟ್ರಂಕಿನ ಜಿರಳೆ ವಾಸನೆ, ನುಸಿ ಗುಳಿಗೆ. ಕಡೆಗೆ ಯಾರದೋ ಸೀಮಂತದಲ್ಲಿ ಗುರುಪಾದಪ್ಪನ ಹೆಗಲ ಮೇಲೆ ಬಂದೆ. ಪುಣ್ಯಾತ್ಮ ಅಲ್ಲೇ ಮಡಿಕೆ ಬಿಚ್ಚಿ ಮುಖ ಒರೆಸಿಕೊಂಡ.

ಗುರುಪಾದಪ್ಪನದು ಒಂದು ತಾಲ್ಲೂಕು ಊರಿನ ಬಸ್ ಸ್ಟ್ಯಾಂಡಿನ ಎದುರು ಖಾನಾವಳಿ. ಒಳಗೆ ಒಲೆಯ ಮುಂದೆ ಹೆಂಡತಿ ಗಿರಿಜವ್ವ ರೊಟ್ಟಿ ಬಡಿಯುವವಳು, ಹೊರಗೆ ಇವನು ಬಡಿಸುವವನು. ಗಿರಿಜವ್ವನ ರೊಟ್ಟಿ ಚೆನ್ನಾಗಿತ್ತೋ ಏನೋ, ನನಗೆ ಗೊತ್ತಿಲ್ಲ, ನನ್ನ ಪಾಲಿಗೆ ಬಂದದ್ದು ಬರೀ ಎಂಜಲು. ಆದರೆ ಅವನು ಬಡಿಸುವುದನ್ನು ನೋಡಬೇಕಿತ್ತು. ಉಣ್ಣುವವನ ತಟ್ಟೆಯಲ್ಲಿ ಪಲ್ಯ ಮುಗಿಯುವ ಮೊದಲೇ ಅವನ ಕೈ ಬಂದಿರುತ್ತಿತ್ತು. 'ಅರ್ಧ ಸಾಕ್ರಿ' ಎಂದವನಿಗೆ ಅವನು ಯಾವತ್ತೂ ಅರ್ಧ ಹಾಕಿದವನಲ್ಲ. ಜನ ರೊಟ್ಟಿಗೆ ಬರುತ್ತಿದ್ದರು ಎಂದು ಗಿರಿಜವ್ವ ತಿಳಿದಿದ್ದಳು. ನನಗನ್ನಿಸುವಂತೆ ಅವರು ಅವನ ಕೈಗೆ ಬರುತ್ತಿದ್ದರು.

ಅವನಿಗೂ ಆ ಕೆಲಸ ಬಿಟ್ಟರೆ ಬೇರೆ ಸುಖವಿರಲಿಲ್ಲ. ಹಾಗಂತ ನನಗೇನೂ ಹಿತವಿರಲಿಲ್ಲ. ಬೆವರು, ಮೀಸೆಗೆ ಹತ್ತಿದ ಮಜ್ಜಿಗೆ, ನೆಗಡಿ, ಎಲ್ಲದಕ್ಕೂ ನಾನೇ. ಥೂ ಎನ್ನಲು ನನಗೆ ಬಾಯಿಲ್ಲ ಎಂಬುದೊಂದೇ ಅವನ ಅದೃಷ್ಟ.

ಒಂದು ವರ್ಷ ಮಳೆ ಮುಗಿದ ಮೇಲೆ ಹಿತ್ತಲ ತುಂಬ ಕಾಂಗ್ರೆಸ್ ಕಸ ಎದ್ದಿತು. ಸಣ್ಣ ಬಿಳಿ ಹೂ ಬಿಡುವ ಆ ಹಾಳು ಗಿಡ ಎಲ್ಲರಿಗೂ ಗೊತ್ತು. ಸೌದೆ ಒಟ್ಟಲು ಜಾಗ ಬೇಕೆಂದು ಗುರುಪಾದಪ್ಪ ಬರಿಗೈಯಲ್ಲಿ ಅರ್ಧ ಹಿತ್ತಲು ಕಿತ್ತ, ಉಳಿದರ್ಧ ಹಾಗೇ ಬಿಟ್ಟ. ಕೆಲವು ದಿನಗಳಲ್ಲಿ ಅವನ ಕಣ್ಣಿನ ರೆಪ್ಪೆಗಳು ಊದಿಕೊಂಡವು. ಕುತ್ತಿಗೆ ಕೆಂಪಾಯಿತು. ಮೊಣಕೈ ಮಡಿಕೆಯಲ್ಲಿ ತುರಿಕೆ ಹತ್ತಿತು. ತುರಿಸಿದ ಕಡೆ ನೀರು ಒಸರಿ, ಒಣಗಿ, ಹಳದಿ ಹಕ್ಕಳೆ ಕಟ್ಟಿತು.

ಆ ಹಕ್ಕಳೆ ಎಲ್ಲಿಗೆ ಹತ್ತುತ್ತದೆ? ನನಗೆ. ಅವನು ನನ್ನನ್ನು ಕುತ್ತಿಗೆಗೆ ಒತ್ತಿ ತಿಕ್ಕುವನು, ನನ್ನ ಎಳೆಗಳಿಗೆ ಅವನ ಚರ್ಮದ ಪುಡಿ, ಕೀವಿನಂಥ ಅಂಟು, ಒಮ್ಮೊಮ್ಮೆ ರಕ್ತ. ಒಣಗಿದ ಮೇಲೆ ನಾನು ಕಟ್ಟಿಗೆಯಂತೆ ಸೆಟೆದು ನಿಲ್ಲುತ್ತಿದ್ದೆ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ, ವಾಕರಿಕೆ ಬಂತು. ಸುಳ್ಳು ಯಾಕೆ ಹೇಳಲಿ.

ಊರಿಗೆ ಊರೇ ಡಾಕ್ಟರಾಯಿತು. ಒಬ್ಬರು ಕಜ್ಜಿ ಎಂದರು, ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಚರ್ಮ ಕಿತ್ತು ಬರುವ ಹಾಗೆ ತಿಕ್ಕಿಸಿದರು. ಇನ್ನೊಬ್ಬರು ಹುಳುಕಡ್ಡಿ ಎಂದು ಲಿಂಬೆಹಣ್ಣು ಹಿಂಡಿಸಿದರು. ಅವತ್ತು ಅವನು ಕೂಗಿದ್ದು ಬಸ್ ಸ್ಟ್ಯಾಂಡಿಗೆ ಕೇಳಿಸಿತು. ಕಡೆಗೆ ಒಂದು ಔಷಧಿ ಅಂಗಡಿಯವನು ಚೀಟಿ ಗೀಟಿ ಏನೂ ಕೇಳದೆ ಒಂದು ಟ್ಯೂಬ್ ಕೊಟ್ಟ. ಅದು ಜಾದೂ ಮಾಡಿತು. ಹಚ್ಚಿದ ಕೆಲವೇ ದಿನದಲ್ಲಿ ಕೆಂಪು ಇಳಿಯಿತು, ತುರಿಕೆ ನಿಂತಿತು, ಗುರುಪಾದಪ್ಪ ಕನ್ನಡಿ ನೋಡಿ ನಕ್ಕ. ಟ್ಯೂಬ್ ಬಿಟ್ಟ ಕೂಡಲೇ ಬೇನೆ ಎರಡು ಪಟ್ಟಾಗಿ ಮರಳಿತು. ಮತ್ತೆ ಟ್ಯೂಬ್, ಮತ್ತೆ ನಗು, ಮತ್ತೆ ಬೇನೆ. ಚರ್ಮ ತೆಳುವಾಗಿ ಒಳಗಿನ ನರ ಕಾಣತೊಡಗಿತು. ನಾನು ಸುಮ್ಮನೆ ತಾಗಿದರೂ ಗೆರೆ ಬಿದ್ದು ರಕ್ತ ಬರುತ್ತಿತ್ತು.

ಖಾನಾವಳಿಯಲ್ಲಿ ಪಿಸುಮಾತು ಶುರುವಾಯಿತು. ಕುಷ್ಠ ಎಂಬ ಮಾತನ್ನು ನಮ್ಮ ಜನ ಬಾಯಿಬಿಟ್ಟು ಹೇಳುವುದಿಲ್ಲ, 'ದೊಡ್ಡ ರೋಗ' ಎನ್ನುತ್ತಾರೆ. ದಿನಾ ಮಧ್ಯಾಹ್ನ ಉಣ್ಣಲು ಬರುವ ಕಂಡಕ್ಟರ್ ಸೋಮರಡ್ಡಿ ಒಂದು ದಿನ ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದ.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನಾವೇನೋ ನಡಸ್ಕೊಂಡ ಹೋಗ್ತೇವಿ. ಆದ್ರ ನಾಕ ಮಂದಿ ಉಣ್ಣೋ ಜಾಗ. ಯಜಮಾನ್ರನ್ನ ಸ್ವಲ್ಪ ದಿನ ಒಳಗ ಇಡ್ರಿ."

ಗಿರಿಜವ್ವ ಅವತ್ತೇ ತವರಿಗೆ ಹೇಳಿ ಕಳಿಸಿದಳು. ಮರುದಿನದಿಂದ ಅವಳ ತಮ್ಮ ಬಡಿಸಲು ಬಂದ, ಗುರುಪಾದಪ್ಪ ಪರದೆಯ ಹಿಂದೆ ಉಳ್ಳಾಗಡ್ಡಿ ಹೆಚ್ಚಲು ಕೂತ. ಸ್ವಲ್ಪ ದಿನಕ್ಕೆ ಉಳ್ಳಾಗಡ್ಡಿ ಹೆಚ್ಚುವುದೂ ಬೇಡವಾಯಿತು. ಅವನ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆಯಾಯಿತು. ಬಟ್ಟೆ ಒಗೆಯುವುದೂ ಬೇರೆಯಾಯಿತು. ಅಂಗಳದ ಹಗ್ಗದ ಮೇಲೆ ಮನೆಯವರ ಬಟ್ಟೆ ಒಣಗುತ್ತಿದ್ದವು, ಅಲ್ಲಿ ನಮಗೆ ಜಾಗ ಇರಲಿಲ್ಲ. ಅವನ ಅಂಗಿ, ಧೋತರ, ನಾನು, ಮೂವರನ್ನೂ ಗಿರಿಜವ್ವ ಎರಡೇ ಬೆರಳಲ್ಲಿ ಹಿಡಿದು ಹಿತ್ತಲಿಗೆ ಒಯ್ದು, ಸೊಂಟದವರೆಗೆ ಬೆಳೆದ ಗಿಡಗಳ ಮೇಲೆ ಹರವಿ ಬರುತ್ತಿದ್ದಳು. ಅದೇ ಕಾಂಗ್ರೆಸ್ ಕಸ.

ನನಗೆ ಖುಷಿಯೇ ಆಯಿತು. ಬಿಸಿಲು, ಗಾಳಿ, ಸಣ್ಣ ಬಿಳಿ ಹೂ. ಸಂಜೆ ಅವನು ಬಂದು ನನ್ನನ್ನು ಎತ್ತಿ ಮುಖಕ್ಕೆ ಒತ್ತಿಕೊಂಡಾಗಲೇ ಮತ್ತೆ ನರಕ.

ಬೇರೆ ಇಟ್ಟ ಮೇಲೆ ಬೇನೆ ಇಳಿಯಬೇಕಿತ್ತು, ಇನ್ನೂ ಏರಿತು. ಹಣೆಯ ಚರ್ಮ ದಪ್ಪವಾಗಿ ಮಡಿಕೆ ಬಿತ್ತು, ಕಿವಿಗಳು ದೊಡ್ಡವಾಗಿ ಕಂಡವು. ನೋಡಿದವರು ದೊಡ್ಡ ರೋಗವೇ ಎಂದು ತೀರ್ಮಾನಿಸಿದರು. ಒಂದು ಸಂಜೆ ಅವನು ಪರದೆಯ ಹಿಂದಿನಿಂದಲೇ ಹೇಳಿದ:

"ಗಿರಿಜಾ, ನಾ ಎಲ್ಲಿಗಾದ್ರೂ ಹೋಗ್ತೇನಿ. ಮಂದಿ ಕಮ್ಮಿ ಆಗಾಕ್ಹತ್ತಾರ. ನನ್ನ ಕೈಲೆ ಇನ್ಯಾರೂ ಉಣ್ಣಂಗಿಲ್ಲ. ಅದಿಲ್ದ ನಾ ಇಲ್ಲಿ ಕುಂತು ಏನ್ ಮಾಡ್ಲಿ?"

ಗಿರಿಜವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನಾಳೆ ಜಿಲ್ಲಾ ಆಸ್ಪತ್ರಿಗೆ ಹೋಗೂಣು. ಆಮ್ಯಾಲ ನೀವು ಎಲ್ಲಿಗೆ ಹೋಗ್ತೀರಿ ನೋಡೂಣು," ಎಂದಳು.

ಬಸ್ಸಿನಲ್ಲಿ ಗಿರಿಜವ್ವ ಮುಂದಿನ ಹೆಂಗಸರ ಸೀಟಿಗೆ ಹೋದಳು, ಅವನ ಪಕ್ಕದ ಸೀಟು ಖಾಲಿ ಬಂತು. ನಿಂತವರಿದ್ದರು, ಕೂತವರಿರಲಿಲ್ಲ. ಅವನು ನನ್ನಿಂದ ಮುಖ ಮುಚ್ಚಿಕೊಂಡು ದಾರಿಯುದ್ದಕ್ಕೂ ನನ್ನೊಳಗೇ ಉಸಿರಾಡಿದ.

ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ರೇಹಾನಾ ಎಂಬ ಡಾಕ್ಟರು ಇದ್ದರು. ಅವರು ನನ್ನನ್ನು ಸರಿಸಿ, ಬರಿಗೈಯಿಂದ ಅವನ ಗದ್ದ ಹಿಡಿದು ಎತ್ತಿದರು. ತಿಂಗಳುಗಟ್ಟಲೆ ಆ ಮುಖವನ್ನು ನನ್ನ ಹೊರತು ಯಾರೂ ಮುಟ್ಟಿರಲಿಲ್ಲ. ಗುರುಪಾದಪ್ಪನ ಕಣ್ಣಲ್ಲಿ ನೀರು ಬಂತು, ಅದನ್ನೂ ನಾನೇ ಒರೆಸಬೇಕಾಯಿತು.

ಡಾಕ್ಟರು ಅವನ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಿದರು. "ಮುಟ್ಟಿದ್ದು ತಿಳೀತೈತಿ?"

"ತಿಳೀತೈತ್ರಿ."

ಮೊಣಕೈ ಹತ್ತಿರ, ಕುತ್ತಿಗೆಯ ಪಕ್ಕ ನರಗಳನ್ನು ಒತ್ತಿ ನೋಡಿದರು. "ನೀವು ಹೆದರಿದ ರೋಗ ಇದಲ್ಲ, ಅದಾಗಿದ್ರ ಮುಟ್ಟಿದ್ದು ತಿಳೀತಿದ್ದಿಲ್ಲ. ಅಂಗಿ ಬಿಚ್ರಿ." ಎದೆ ಬೆನ್ನು ಸ್ವಚ್ಛವಾಗಿದ್ದವು. ಕಾಲರಿನ ಮೇಲೆ, ತೋಳು ಮುಗಿದ ಮೇಲೆ ಮಾತ್ರ ಬೇನೆ. ಡಾಕ್ಟರು ಗಿರಿಜವ್ವನನ್ನು ಹತ್ತಿರ ಕರೆದು ತೋರಿಸಿದರು. "ನೋಡ್ರಿ, ಬಟ್ಟಿ ಮುಚ್ಚಿದ ಕಡೆ ಇಲ್ಲ. ಹಂಗಂತ ಬರೇ ಬಿಸಿಲಿಂದ ಆಗಿದ್ದಲ್ಲ, ಬಿಸಿಲಿಂದ ಆಗಿದ್ರ ಗದ್ದದ ಕೆಳಗ, ಕಿವಿ ಹಿಂದ ಬಿಡ್ತಿತ್ತು. ಇದು ಅಲ್ಲೂ ಹೊಕ್ಕೈತಿ. ಗಾಳ್ಯಾಗ ಬರೋ ಏನೋ ಒಂದು ಇವರಿಗೆ ಒಗ್ಗವಲ್ದು. ಮುಖ ಯಾವುದ್ರಿಂದ ಒರಸ್ಕೋತೀರಿ?"

ಅವನು ನನ್ನನ್ನು ಚಾಚಿದ. ಡಾಕ್ಟರು ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಎಳೆಗಳಲ್ಲಿ ಸಿಕ್ಕಿದ್ದ ಒಂದು ಬಿಳಿ ಹೂವನ್ನು ಚಿಮಟದಿಂದ ಕಿತ್ತು ಕಾಗದದ ಮೇಲಿಟ್ಟರು.

"ಇದನ್ನ ಎಲ್ಲಿ ಒಣಗಿಸ್ತೀರಿ?"

"ಹಿತ್ತಲದಾಗ್ರಿ. ಗಿಡದ ಮ್ಯಾಲ," ಎಂದಳು ಗಿರಿಜವ್ವ.

"ಹಗ್ಗ ಇಲ್ಲೇನು ಮನ್ಯಾಗ?"

ಗಿರಿಜವ್ವ ಕಾಗದದ ಮೇಲಿನ ಹೂವನ್ನು ನೋಡಿದಳು. "ಐತ್ರಿ. ಇವರದು ಬ್ಯಾರೆ ಇರ್ಲಿ ಅಂತ ನಾನ ಅಲ್ಲಿ ಹಾಸ್ತಿದ್ದೆ. ಎಲ್ಲಾರಿಗೂ ಹತ್ತಬಾರದು ಅಂತ."

"ಇದು ಹತ್ತೋ ಬ್ಯಾನಿ ಅಲ್ಲ ತಾಯಿ," ಎಂದರು ಡಾಕ್ಟರು. "ಒಂದ ತಟ್ಟ್ಯಾಗ ಉಂಡ್ರೂ ಹತ್ತಂಗಿಲ್ಲ. ಆ ಗಿಡದ ಧೂಳು ಇವರ ಮೈಗೆ ಆಗಂಗಿಲ್ಲ, ಅಷ್ಟ. ಅದನ್ನ ದಿನಾ ಇವರ ಮುಖಕ್ಕ ತಿಕ್ಕಿ ಕೊಟ್ಟಂಗಾಗೈತಿ."

ಅಸಹ್ಯಪಟ್ಟು ದೂರ ಇಟ್ಟಿದ್ದೇ ಬೇನೆಯನ್ನು ಬೆಳೆಸಿತ್ತು. ನನಗೆ ಮೊದಲ ಸಲ ನನ್ನ ಮೈ ಕಂಡರೇ ಅಸಹ್ಯವಾಯಿತು.

ಡಾಕ್ಟರು ಗುಳಿಗೆ ಬರೆದರು. ಹೊಸ ಮುಲಾಮು ಕೊಟ್ಟು, ಎಷ್ಟು ದಿನ, ಎಲ್ಲಿ, ಎಷ್ಟು ತೆಳ್ಳಗೆ ಎಂದು ಹೇಳಿ, ಮತ್ತೆ ಬಂದು ತೋರಿಸದೆ ಮುಂದುವರಿಸಬೇಡಿ ಎಂದರು. ಅಂಗಡಿಯ ಟ್ಯೂಬನ್ನು ಕೇಳದೆ ಮುಟ್ಟಕೂಡದು, ತಿಕ್ಕಿ ಸ್ನಾನ ಮಾಡಕೂಡದು, ಮೈ ಒಣಗದ ಹಾಗೆ ಬರೀ ವ್ಯಾಸಲಿನ್ ಹಚ್ಚಬೇಕು. ಗಿಡವನ್ನು ಅವನು ಕೀಳಕೂಡದು, ಕೀಳುವವರೂ ಕೈ ಮುಖ ಮುಚ್ಚಿಕೊಳ್ಳಬೇಕು. ಬೇನೆ ಇಳಿಯುತ್ತದೆ, ಆದರೆ ಆ ಗಿಡ ಇರುವ ತನಕ ಎಚ್ಚರ ಬೇಕು ಎಂದೂ ಹೇಳಿದರು.

ಊರಿಗೆ ಬಂದ ಮರುದಿನ ಗಿರಿಜವ್ವ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಸೆರಗಿನಿಂದ ಮುಖ ಸುತ್ತಿಕೊಂಡು ಹಿತ್ತಲಿಗೆ ಇಳಿದಳು. ಒಬ್ಬಳೇ ಬೈಯುತ್ತ ಬೈಯುತ್ತ ಒಂದು ಗಿಡ ಬಿಡದೆ ಕಿತ್ತಳು. ಗಿಡವನ್ನು ಬೈದಳೋ, ತನ್ನನ್ನು ಬೈದುಕೊಂಡಳೋ, ಸೆರಗಿನ ಒಳಗಿಂದ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ನನ್ನನ್ನು ಕುದಿಯುವ ನೀರಲ್ಲಿ ಹಾಕಿ, ಬಂಡೆಗೆ ಬಡಿದು, ಎರಡು ತುಂಡು ಮಾಡಿದಳು. ಗಂಡನಿಗೆ ಹೊಸ ಟವೆಲ್ ಬಂತು, ಅದು ಅಂಗಳದ ಹಗ್ಗಕ್ಕೆ ಹೋಯಿತು.

ಈಗ ನಾನು ಬೆಂಚು ಒರೆಸುವ ಅರಿವೆ. ಕೆಂಪು ಅಂಚು ಮಾಸಿದೆ, ಕೈ ತೊಳೆಯುವ ತೊಟ್ಟಿಯ ಕೆಳಗೆ ನನ್ನ ವಾಸ, ಮೈಯಿಂದ ಹುಳಿ ವಾಸನೆ ಹೋಗುವುದಿಲ್ಲ. ಮನುಷ್ಯರನ್ನು ಬುಡದಿಂದ ನೋಡುವುದು ರೂಢಿಯಾಗಿದೆ. ಅವರಿಗೆ ಕಣ್ಣಿಗೆ ಕಂಡ ಹೊಲಸಿಗಷ್ಟೇ ಹೇಸಿಗೆ. ನನಗೆ ಎಲ್ಲವೂ ಕಾಣುತ್ತದೆ, ಹೀಗಾಗಿ ನನ್ನ ಹೇಸಿಗೆಗೆ ರಜೆಯೇ ಇಲ್ಲ.

ಗುರುಪಾದಪ್ಪನ ಮೈ ವಾಸಿಯಾಗುತ್ತ ಬಂತು. ತುರಿಕೆ ನಿಂತಿತು, ಹಕ್ಕಳೆ ಉದುರಿತು, ಹಣೆಯ ದಪ್ಪ ಇಳಿಯಿತು. ಕುತ್ತಿಗೆಯ ಕಪ್ಪು ಮಾತ್ರ ಉಳಿಯಿತು. ಒಂದು ಮಧ್ಯಾಹ್ನ ಅವನು ಒಗೆದ ಅಂಗಿ ತೊಟ್ಟು, ರೊಟ್ಟಿಯ ಬುಟ್ಟಿ ಹಿಡಿದು ಪರದೆ ಸರಿಸಿ ಹೊರಗೆ ಬಂದ.

ಬೆಂಚು ತುಂಬಿತ್ತು. ಮೊದಲು ಸೋಮರಡ್ಡಿ. ಅವನ ತಟ್ಟೆ ಖಾಲಿ ಇತ್ತು. ಗುರುಪಾದಪ್ಪ ಬಗ್ಗುತ್ತಿದ್ದ ಹಾಗೇ ಸೋಮರಡ್ಡಿ ತಟ್ಟೆಯ ಮೇಲೆ ಅಂಗೈ ಮುಚ್ಚಿ, "ಸಾಕ್ರಿ, ಹೊಟ್ಟಿ ತುಂಬೇತಿ," ಎಂದ. ಪಕ್ಕದವನೂ ಕೈ ಅಡ್ಡ ಹಿಡಿದ. ಅವನ ಪಕ್ಕದವನೂ ಹಿಡಿದ. ಬುಟ್ಟಿ ಮುಂದೆ ಮುಂದೆ ಹೋದಂತೆ ಸಾಲಾಗಿ ಅಂಗೈಗಳು ತಟ್ಟೆಗಳನ್ನು ಮುಚ್ಚಿದವು. ಆ ಅಂಗೈಗಳನ್ನು ನಾನು ಬಲ್ಲೆ. ತಂಬಾಕು ತಿಕ್ಕಿದವು, ಬಸ್ಸಿನ ಕಂಬಿ ಹಿಡಿದವು, ಎಂಜಲು ಹಚ್ಚಿ ಟಿಕೆಟ್ ಹರಿದವು. ಬುಟ್ಟಿ ಹಿಡಿದ ಕೈಯೊಂದೇ ಅಲ್ಲಿ ತೊಳೆದ ಕೈಯಾಗಿತ್ತು. ನನ್ನ ಇಡೀ ಆಯುಷ್ಯದಲ್ಲಿ, ಹಕ್ಕಳೆ ರಕ್ತ ಎಲ್ಲ ಸೇರಿ, ಅಷ್ಟು ಹೊಲಸು ನೋಟ ನಾನು ನೋಡಿಲ್ಲ.

ಗುರುಪಾದಪ್ಪ ಸಾಲಿನ ಕೊನೆಯಲ್ಲಿ ನಿಂತುಬಿಟ್ಟ.

ಆಗ ಒಳಗಿನಿಂದ ಗಿರಿಜವ್ವ ಬಂದಳು. ಕೈಗೆ ಹಿಟ್ಟು ಹಾಗೇ ಇತ್ತು. ಗಿರಾಕಿಗಳು ಎದ್ದ ಮೇಲೆ, ಗಂಡ ಉಂಡ ಮೇಲೆ, ಒಲೆಯ ಮುಂದೆ ಒಬ್ಬಳೇ ಉಣ್ಣುವ ಹೆಂಗಸು ಅವಳು. ಬಂದವಳೇ ಗಂಡಸರ ಸಾಲಿನ ತುದಿಯಲ್ಲಿ ಜಾಗ ಮಾಡಿಕೊಂಡು ಬೆಂಚಿನ ಮೇಲೆ ಕೂತು, ಒಂದು ಖಾಲಿ ತಟ್ಟೆ ಮುಂದೆ ಎಳೆದುಕೊಂಡಳು.

"ನನಗ ಹಾಕ್ರಿ."

"ಏ, ಏಳ. ಮಂದಿ ನೋಡಾಕ್ಹತ್ತಾರ."

"ನೋಡ್ಲಿ. ಹಸದೀನಿ ನಾ."

ಅವನು ರೊಟ್ಟಿ ಹಾಕಿದ. ಅವಳು ಮುರಿದು, ಪಲ್ಯ ಹಾಕಿಸಿಕೊಂಡು, ನಿಧಾನವಾಗಿ ಉಂಡಳು. ಮುಗಿದ ಮೇಲೆ ಇನ್ನೊಂದು ಕೇಳಿದಳು. ಒಳಗಿನಿಂದ ಸುಟ್ಟ ವಾಸನೆ ಬರತೊಡಗಿತು.

ಸೋಮರಡ್ಡಿ ತಡೆಯಲಾರದೆ, "ಅಕ್ಕಾರ, ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕ್ಹತ್ತೈತಿ," ಎಂದ.

"ಹೊತ್ತಲಿ," ಎಂದಳು ಗಿರಿಜವ್ವ, ತಟ್ಟೆಯಿಂದ ತಲೆ ಎತ್ತದೆ. "ನಿಮಗೆಲ್ಲಾ ಹೊಟ್ಟಿ ತುಂಬೇತಲ್ಲ."

ಮೂಲೆಯಲ್ಲಿದ್ದ ಇಬ್ಬರು ಎದ್ದು ಕೈ ತೊಳೆದು ಹೋದರು, ಮತ್ತೆ ಬರಲಿಲ್ಲ. ಉಳಿದವರು ಕೂತೇ ಇದ್ದರು. ಬಹಳ ಹೊತ್ತಿನ ಮೇಲೆ ಸೋಮರಡ್ಡಿಯ ಅಂಗೈ ತಟ್ಟೆಯ ಮೇಲಿಂದ ಸರಿಯಿತು.

"ಗುರುಪಾದಪ್ಪಾರ, ನನಗೂ ಒಂದ್ ಹಾಕ್ರಿ," ಎಂದ.

ಗುರುಪಾದಪ್ಪ ಬುಟ್ಟಿಯಲ್ಲಿ ಕೈ ಹಾಕಿದ, ಆಮೇಲೆ ತೆಗೆದ. "ತಡೀರಿ," ಎಂದ. "ಆಕಿ ಉಣ್ಲಿ ಮೊದಲ."