ಬೀಪಿ ಮಿಷನ್ನಿನ ನಾಲ್ಕು ಸೆಲ್ಲು

"ನೋಡಿ, ನಾಲ್ಕೂ ಹಸಿರು," ಎಂದು ಚಂದ್ರಮೌಳಿ ಸಣ್ಣ ಟೆಸ್ಟರನ್ನು ಆಶಾ ಕಾರ್ಯಕರ್ತೆ ಕಮಲಾಕ್ಷಮ್ಮನ ಕಣ್ಣೆದುರು ಹಿಡಿದ. ಅರಕಲಗೂಡು ಬಸ್ ನಿಲ್ದಾಣದ ಎದುರಿನ ಅವನ ಎಲೆಕ್ಟ್ರಿಕ್ ಅಂಗಡಿಯ ಗಾಜಿನ ಮೇಲೆ ಅವಳ ನಾಲ್ಕು ರೀಚಾರ್ಜ್ ಸೆಲ್ಲುಗಳೂ ಮೂಲೆ ಕರಗಿದ ಚಾರ್ಜರೂ ಬಿದ್ದಿದ್ದವು.

"ಇದು ಬ್ಯಾಡ ಸಾ. ಚಾರ್ಜರೂವೆ ಹಸಿರೇ ತೋರುಸ್ತಿತ್ತು. ಬೀಪಿ ಮಿಷನ್‌ಗೆ ಹಾಕುದ್ರೆ ಪಟ್ಟಿ ಉಬ್ಬೋ ಹೊತ್ಗೆ ಆರೋಯ್ತದೆ."

"ಆಶಾದೋರ ಕೈಯಿಂದಲೇ ಇದನ್ನೂ ಹಾಕಿಸ್ತಾರಾ? ಸಂಬಳಕ್ಕಿಂತ ಸೆಲ್ ಖರ್ಚೇ ಜಾಸ್ತಿಯಾಯ್ತಲ್ಲಮ್ಮ!" ಅವನು ನಕ್ಕ. ಅವಳು ಸೆಲ್ಲುಗಳನ್ನು ಅವನತ್ತ ತಳ್ಳಿದಳು.

ಒಳಗಿನಿಂದ ಮುಳ್ಳಿರುವ ಟೆಸ್ಟರ್ ತಂದ. "ಇದು ಸೆಲ್ಲಿಗೆ ಕೆಲಸ ಕೊಟ್ಟು ನೋಡುತ್ತೆ. ಸುಮ್ನೆ ಕೂತಾಗ ಎಲ್ರೂ ಗಟ್ಟಿನೇ." ಮೊದಲೆರಡಕ್ಕೆ ಮುಳ್ಳು ಹಸಿರಲ್ಲೇ ನಿಂತಿತು. ಮೂರನೆಯದಕ್ಕೆ ಏರಿ, ಕುಸಿದು, ಕೆಂಪಿಗೆ ಬಿತ್ತು. ನಾಲ್ಕನೆಯದೂ ಹಾಗೆಯೇ. "ನಿಮ್ಮ ಚಾರ್ಜರು ಸೆಲ್ ನೋಡಲ್ಲ, ಗಂಟೆ ನೋಡುತ್ತೆ. ಟೈಮ್ ಆಯ್ತಾ, ಹಸಿರು ದೀಪ. ತುಂಬಿದ್ರೂ ಅಷ್ಟೆ, ತುಂಬದಿದ್ರೂ ಅಷ್ಟೆ."

ಮಿಷನ್ ಕೊಟ್ಟವರು ಸೆಲ್ ಕೊಟ್ಟಿರಲಿಲ್ಲ. ಮೂರು ಸಭೆಗಳಲ್ಲಿ ಎದ್ದು ಕೇಳಿದ್ದಕ್ಕೆ ಅವಳಿಗೆ ಸಿಕ್ಕ ಉತ್ತರ ಒಂದೇ: ನಿಭಾಯಿಸ್ಕೊಳ್ಳಿ. ಕುರ್ಚಿಯಲ್ಲಿ ಕೂತವರು ಹೇಳುವ ಆ ಮಾತಿಗೆ ಹಳ್ಳಿಯ ಬಸುರಿಯರ ಜೀವವನ್ನು ಒಪ್ಪಿಸಲಾಗಿತ್ತು.

ಎರಡು ವಾರದ ಹಿಂದೆ, ಮಲ್ಲಿಪಟ್ಟಣದ ಪಕ್ಕದ ತನ್ನ ಊರಿನಲ್ಲಿ, ಏಳು ತಿಂಗಳ ಬಸುರಿ ರೂಪಶ್ರೀಯ ತೋಳಿಗೆ ಪಟ್ಟಿ ಸುತ್ತಿದಾಗ ಮಿಷನ್ ಎರಡು ಸಲ ಆರಿತ್ತು. ಟಾರ್ಚಿನ ಸೆಲ್ಲಿಗೆ ಊರವರೆಲ್ಲ ಮಾಡುವ ಹಾಗೆ ಅವಳೂ ಸೆಲ್ಲುಗಳನ್ನು ಅಂಗೈಯಲ್ಲಿ ತಿಕ್ಕಿ, ಜಗಲಿಯ ಬಿಸಿಲಿಗಿಟ್ಟು ಮತ್ತೆ ಹಾಕಿದ್ದಳು. ಮೂರನೆಯ ಸಲವೂ ಆರಿತು. ಇನ್ನೂ ಒಂಬತ್ತು ಮನೆ ಬಾಕಿಯಿತ್ತು. ಹಿಂದಿನ ತಿಂಗಳ ಅಂಕಿಯನ್ನೇ ಪುಸ್ತಕಕ್ಕಿಳಿಸಿ ಎದ್ದಿದ್ದಳು. ನಾಲ್ಕನೆಯ ದಿನ ರೂಪಶ್ರೀಗೆ ಬೀಪಿ ಏರಿ ಫಿಟ್ಸ್ ಬಂತು. ಹಾಸನ ಮುಟ್ಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದ ಮಗು ಸತ್ತಿತ್ತು.

ಫೋನು ಬಡಿದುಕೊಂಡಿತು. ಮೇಲ್ವಿಚಾರಕ ಷಡಕ್ಷರಿ.

"ನಾಳೆ ವಿಚಾರಣೆ. ಬೀಪಿ ಸರಿಯಿತ್ತು, ಕಾಲು ಊದಿದ್ರೂ ಅತ್ತೆ ಆಸ್ಪತ್ರೆಗೆ ಕಳಿಸ್ಲಿಲ್ಲ ಅಂದ್ಬಿಡು. ಪುಸ್ತಕದಲ್ಲಿ ನೀನೇ ಬರ್ದಿದೀಯಲ್ಲ."

"ಅವ್ರತ್ತೆ ಸುಬ್ಬಕ್ಕ ಕೇಳುದ್ಲು ಸಾ, ಆಸ್ಪತ್ರೆಗೆ ಕರ್ಕಂಡೋಗ್ಲಾ ಅಂತ. ನಾನೇ ಬ್ಯಾಡ ಅಂದೆ."

"ಅದನ್ನ ಯಾರು ಬರ್ಕೊಂಡವ್ರೆ?"

ಕಮಲಾಕ್ಷಮ್ಮ ಫೋನು ಕಟ್ ಮಾಡಿದಳು. "ಮುಳ್ಳಿನ ಟೆಸ್ಟರೇ ಕೊಡಿ ಸಾ, ಎರಡು ಹೊಸ ಸೆಲ್ಲೂವೆ. ಚಾರ್ಜರೂ ಒಂದೊಂದ್ ಸೆಲ್ಲುನ್ನೂ ಬ್ಯಾರೆಬ್ಯಾರೆ ನೋಡೋದು ಕೊಡಿ. ಎರಡು ಸೆಲ್ ಸತ್ತೋಗಿದ್ವು ಅಂತ ಬಿಲ್ಲಲ್ಲಿ ಬರೀರಿ."

"ನನ್ನ ಯಾಕಮ್ಮ ಎಳೀತೀರ ಇದಕ್ಕೆ?"

"ಕಣ್ಣಲ್ಲಿ ನೋಡುದ್ರಲ್ಲ. ಅಷ್ಟುನ್ನೇ ಬರೀರಿ."

ಚಂದ್ರಮೌಳಿ ಪೆನ್ನಿನ ತುದಿ ಕಚ್ಚಿ, ಬಿಲ್ ಪುಸ್ತಕ ಎಳೆದುಕೊಂಡ. ಆಮೇಲೆ ಬರೆದ.

ಮಧ್ಯಾಹ್ನ ಬಸ್ಸಿಳಿದವಳು ತನ್ನ ಮನೆ ದಾಟಿ ರೂಪಶ್ರೀಯ ಅತ್ತೆ ಸುಬ್ಬಮ್ಮನ ಹಿತ್ತಲಿಗೆ ನಡೆದಳು. ಸುಬ್ಬಮ್ಮ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಬಾರವ್ವ. ನಾನೇ ಮೊಮ್ಮಗೀನ ತಿಂದ್ಕಂಡೆ ಅಂತ ಮಾತಾಡ್ತಾವ್ರಂತೆ. ನೀನು ಬೀಪಿ ಸರಿಯಾಗೇ ಅದೆ ಅಂದೆ, ನಾನು ಸುಮ್ನಾದೆ. ನಂದೇನಾ ತಪ್ಪು?"

ಕಮಲಾಕ್ಷಮ್ಮ ನಿಂತಲ್ಲಿಂದಲೇ ಹೇಳಿದಳು: "ಅವತ್ತು ನಾನು ಬೀಪಿ ನೋಡ್ಲೇ ಇಲ್ಲ ಕಣಕ್ಕ. ಮಿಷನ್ ಆರೋಗಿತ್ತು. ಓದ್ ತಿಂಗ್ಳುದ್ನೇ ಬರ್ಕಂಡೆ. ನಾಳಿಕೆ ಅಲ್ಲೂ ಇದ್ನೇ ಯೇಳ್ತೀನಿ."

ಒಳಗೆ ರೂಪಶ್ರೀ ಮಗ್ಗುಲು ಬದಲಿಸಿದ್ದು ಕೇಳಿಸಿತು. ಸುಬ್ಬಮ್ಮ ಬಕೆಟ್ಟಿನತ್ತ ತಿರುಗಿದಳು. ಹಾಲು ಬತ್ತಲೆಂದು ಸೊಸೆಯ ಎದೆಗೆ ಬಿಗಿಯುತ್ತಿದ್ದ ಪಂಚೆಯ ತುಂಡನ್ನು ಬಕೆಟ್ಟಿನಿಂದೆತ್ತಿ ಹಿಂಡತೊಡಗಿದಳು. ನೀರು ಇಳಿಯುವುದು ನಿಂತ ಮೇಲೂ ಹಿಂಡುತ್ತಲೇ ಇದ್ದಳು.