ಶಟರಿನ ಎರಡನೇ ಬೀಗ

ಶಟರಿನಲ್ಲಿ ತನ್ನ ಬೀಗದ ಪಕ್ಕದಲ್ಲಿ ಇನ್ನೊಂದು ಬೀಗ ನೇತಾಡುತ್ತಿದ್ದುದನ್ನು ಕಂಡು ಟೈಲರಮ್ಮ ಅದನ್ನು ಎಳೆದು ನೋಡಿದಳು. ನಾಳೆ ಹೊಸ ಅಂಗಡಿ ತೆರೆಯಬೇಕು, ಹೊಲಿಗೆ ಮೆಷಿನ್ನುಗಳೆರಡೂ ಈ ಬಾಡಿಗೆ ಗೋದಾಮಿನ ಕೋಣೆಯೊಳಗಿವೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಸೀದಾ ಹೋಗಿ ಮ್ಯಾನೇಜರನ ಮೇಜಿನ ಮುಂದೆ ನಿಂತಳು.

“ಬಾಡಿಗೆ ಜಾಸ್ತಿಯಾಗಿದೆಯಮ್ಮಾ, ನೀವು ಹಳೇದನ್ನೇ ಕಟ್ತಾ ಇದೀರಿ,” ಎಂದ ಅವನು. “ಬಾಕಿ ಕಟ್ಟಿ, ಬೀಗ ತೆಗೀತೀವಿ.”

“ತಿಂಗಳು ಮುಂಚೆ ತಿಳಿಸ್ಬೇಕು ಅಂತ ಕರಾರಲ್ಲೇ ಇದೆ. ನನಗ್ಯಾರು ತಿಳಿಸಿದ್ರು? ಕೇಳೋರಿಲ್ಲ ಅಂತ ತಲೆ ಮೇಲೆ ಕೂತ್ಕೋತೀರಾ?”

“ತಿಳಿಸಿದೀವಲ್ಲ! ಕರಾರಲ್ಲಿರೋ ನಂಬರಿಗೇ ಮೆಸೇಜ್ ಹೋಗಿದೆ. ನಿಮ್ಮ ಯಜಮಾನರ ನಂಬರು.”

“ಆ ಫೋನು ಒಳಗಿದೆ.”

“ಎಲ್ಲಿ ಒಳಗೆ?”

“ನೀವು ಬೀಗ ಜಡಿದಿದೀರಲ್ಲ, ಅಲ್ಲೇ. ಟ್ರಂಕಲ್ಲಿ.”

ಮ್ಯಾನೇಜರನಿಗೆ ನಗು ಬಂತು. “ಫೋನನ್ನ ಯಾರಾದ್ರೂ ಗೋದಾಮಲ್ಲಿ ಇಡ್ತಾರೇನಮ್ಮಾ? ಹೋಗ್ಲಿ, ಯಜಮಾನರನ್ನೇ ಕಳಿಸಿ. ಕರಾರು ಅವರ ಹೆಸರಲ್ಲಿದೆ.”

ಇಲ್ಲೇ ಅವಳು ಸಿಕ್ಕಿಬಿದ್ದಿದ್ದು. ಗಂಡ ಸತ್ತ ಮೇಲೂ ಬಾಡಿಗೆ ಕಟ್ಟಲು ಬಂದಾಗಲೆಲ್ಲ ‘ಅವರು ಊರಲ್ಲಿಲ್ಲ’ ಎಂದೇ ಹೇಳುತ್ತಾ ಬಂದಿದ್ದಳು. ನಿಜ ಹೇಳಿದರೆ ಕೋಣೆ ಖಾಲಿ ಮಾಡಿಸಿಯಾರು ಎಂಬ ಭಯ. ಜೊತೆಗೆ, ಆ ಸುಳ್ಳು ಹೇಳುವಷ್ಟು ಹೊತ್ತು ಅವನು ಎಲ್ಲೋ ಇದ್ದಾನೆ ಅನ್ನಿಸುತ್ತಿತ್ತು, ಪಾಪ. ಫೋನಿನ ಕತೆ ಬೇರೆ. ಗಿರಾಕಿಗಳು ಅವನನ್ನು ಕೇಳಿಕೊಂಡು ಕರೆ ಮಾಡಿದಾಗಲೆಲ್ಲ ತೀರಿಕೊಂಡರು ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಅದನ್ನು ಅವನ ಅಂಗಿಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದಳು.

“ಅವರು ತೀರ್ಕೊಂಡಿದಾರೆ,” ಎಂದಳು. ಈ ಕಟ್ಟಡದೊಳಗೆ ಆ ಮಾತು ಆಡಿದ್ದು ಇದೇ ಮೊದಲು.

ಮ್ಯಾನೇಜರನ ನಗು ಇಳಿಯಿತು. “ಅಯ್ಯೋ, ಮೊದಲೇ ಹೇಳ್ಬಾರದಿತ್ತಾ?” ಎನ್ನುತ್ತಾ ಕರಾರು ಹೊರತೆಗೆದ. “ನಿಮ್ಮ ಹೆಸರಿಗೆ ಮಾಡ್ಕೊಡ್ತೀನಿ. ಇವತ್ತಿಂದ ನೋಟಿಸು ಲೆಕ್ಕ. ಇನ್ನೊಂದು ತಿಂಗಳು ಹಳೇ ಬಾಡಿಗೇನೇ, ಬಾಕಿ ಏನೂ ಬೇಡ.”

ಗೆದ್ದಂತಾಯಿತು. ಅವನು ಪೆನ್ನು ಮುಂದೆ ಹಿಡಿದ.

“ಅವರ ಹೆಸರು, ನಂಬರು ಎರಡೂ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ.”

ಎಂಥೆಂಥ ಬೆಲೆಯ ಬಟ್ಟೆಗೂ ಅಳುಕದೆ ಕತ್ತರಿ ಇಟ್ಟ ಕೈ ಅದು. ಹೆಸರನ್ನೇನೋ ಹೊಡೆದಳು.

“ನಂಬರೊಂದು ಇರ್ಲಿ ಬಿಡಿ,” ಎಂದಳು.

“ಇದ್ರೆ ಮುಂದಿನ ನೋಟಿಸೂ ಅಲ್ಲಿಗೇ ಹೋಗುತ್ತಮ್ಮಾ.”

ಅವಳು ಗೆರೆ ಎಳೆದಳು. ಮ್ಯಾನೇಜರ್ ಬೀಗದ ಕೈ ಹಿಡಿದು ಎದ್ದ. “ಬನ್ನಿ, ತೆಗೀತೀನಿ.”

“ಒಂದ್ನಿಮಿಷ,” ಎಂದವಳು ಮೇಜಿನ ಮುಂದಿದ್ದ ಕುರ್ಚಿಯಲ್ಲಿ ಕುಸಿದು, ಗಂಡ ಹೋದ ದಿನವೂ ಅತ್ತಿರದಷ್ಟು ಅತ್ತಳು.